ಖಾಲಿ ತಕ್ಕಡಿ ಆಡಿದ ಮಾತು

ಮಣಿಪಾಲದಲ್ಲಿ ಕೂತು ನಾನು ಒಂದು ವಾಕ್ಯ ಬರೆದರೆ ಅದು ಎಲ್ಲೆಲ್ಲಿಗೋ ಹೋಗಿ ಯಾರನ್ನಾದರೂ ಬೆಚ್ಚಿಬೀಳಿಸುತ್ತದೆ. ನಮ್ಮ ಕೆಲಸದಲ್ಲಿ ಇದು ಆಗುತ್ತಲೇ ಇರುತ್ತದೆ. ಆದರೆ ಒಂದು ವಾಕ್ಯ ಮಾತ್ರ ನನ್ನನ್ನೇ ಬೆಚ್ಚಿಬೀಳಿಸಿತು.

ಗುರುತಿಗೆ ಬರೆದದ್ದು

ನಮ್ಮ ಆಫೀಸಿನಲ್ಲಿ ಒಂದು ಲೈಬ್ರರಿ ಇದೆ. ಪುಸ್ತಕದ್ದಲ್ಲ, ಸಾಫ್ಟ್‌ವೇರಿನದ್ದು. ಕ್ಲಿನಿಕ್ಕಿನ ಟೋಕನ್ ಪರದೆ, ತಕ್ಕಡಿಯ ಪರದೆ, ನಾವು ಮಾಡಿಕೊಟ್ಟ ಎಲ್ಲವೂ ತಮ್ಮ ಮಾತನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತವೆ. ಆ ಮಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕನ್ನಡ ಆಗದೆ ಬಾಕಿ ಉಳಿದ ಕಡೆ ನನಗೆ ಗುರುತು ಸಿಗಲಿ ಎಂದು ಒಂದು ವಾಕ್ಯ ಕಾಣಿಸುವಂತೆ ಮಾಡಿದ್ದೆ: 'ನಾನು ಇನ್ನೂ ಇಲ್ಲೇ ಇದ್ದೇನೆ.' ಕಳಿಸುವ ಮೊದಲು ತೆಗೆಯಬೇಕಿತ್ತು. ಮರೆತೆ.

'ಹೋಗಲಿ, ಯಾರು ಓದ್ತಾರೆ?' ಎಂದರು ನಮ್ಮ ಬಾಸ್. ಇಡೀ ಜಿಲ್ಲೆ ಓದಿತು.

ಉದ್ಯಾವರದ ಕ್ಲಿನಿಕ್ಕು

'ವೈದ್ಯರು ಬಂದಿಲ್ಲ' ಎನ್ನುವ ಸಂದೇಶವನ್ನು ನಾನು ಕನ್ನಡಕ್ಕೆ ತಂದಿರಲಿಲ್ಲ. ಒಂದು ದಿನ ಡಾಕ್ಟರ ಕೋಣೆಗೆ ಬೀಗ, ಒಳಗೆ ಕತ್ತಲೆ. ಬಾಗಿಲ ಮೇಲಿನ ಪರದೆ ಮಾತ್ರ ತಾನಾಗಿ ಹೊತ್ತಿಕೊಂಡು 'ನಾನು ಇನ್ನೂ ಇಲ್ಲೇ ಇದ್ದೇನೆ' ಎಂದಿತು. ಕಾಯುತ್ತಿದ್ದವರೆಲ್ಲ ಬಾಗಿಲಿನಿಂದ ಹಿಂದೆ ಸರಿದರಂತೆ. ನರ್ಸ್ ಫೋನಿನಲ್ಲಿ ನನ್ನ ಹತ್ತಿರ ಪಿಸುಗುಟ್ಟುತ್ತಿರುವಾಗಲೇ ಹಿಂದಿನಿಂದ ಒಬ್ಬ ಅಜ್ಜ ಪರದೆಗೆ ಗದರಿಸಿದ್ದು ನನಗೂ ಕೇಳಿಸಿತು:

'ನಾವೂ ಇಲ್ಲೇ ಇದ್ದೇವೆ ಮಾರಾಯ, ಎಂಟು ಗಂಟೆಗೆ ಬಂದವರು! ನಿನ್ನದೆಂತ ದೊಡ್ಡಸ್ತಿಕೆ?'

ಎರ್ಮಾಳಿನ ತಕ್ಕಡಿ

ಮರುದಿನವೇ ಎರ್ಮಾಳಿನಿಂದ ಕರೆ ಬಂತು. ಅಲ್ಲಿ ಮೀನು ತೂಗುವ ಶೆಡ್ಡು ನಡೆಸುವ ಒಬ್ಬರು ಅಕ್ಕ ಇದ್ದಾರೆ. ಬಂಗುಡೆ ಇಟ್ಟರೆ ಅವರ ತಕ್ಕಡಿ ತೂಕ ಸರಿಯಾಗಿ ಹೇಳುತ್ತದೆ. ಬುಟ್ಟಿ ಎತ್ತಿದ ಕೂಡಲೇ, ಖಾಲಿ ತಕ್ಕಡಿ 'ನಾನು ಇನ್ನೂ ಇಲ್ಲೇ ಇದ್ದೇನೆ' ಎನ್ನುತ್ತದೆ. ಮೀನು ಮಾರುವ ಹೆಂಗಸರು ಶೆಡ್ಡಿಗೆ ಬರುವುದನ್ನೇ ಬಿಟ್ಟಿದ್ದರು.

ನಾನು ಬಸ್ಸು ಹತ್ತಿ ಹೋಗುವಷ್ಟರಲ್ಲಿ ಅಕ್ಕ ಜೋಯಿಸರಲ್ಲಿ ಪ್ರಶ್ನೆ ಇಟ್ಟು ಆಗಿತ್ತು. ಎಂಟು ತಿಂಗಳ ಮಗುವಾಗಿದ್ದಾಗ ತೀರಿಹೋದ ಅವರ ಹಿರಿಮಗಳಿಗೆ ಈಗ ಮದುವೆಯ ವಯಸ್ಸು, ಅವಳಿಗೊಂದು ದಾರಿಯಾಗದೆ ಅವಳ ತಮ್ಮನ ಮದುವೆ ಕೂಡಿಬರುವುದಿಲ್ಲ ಎಂದು ಪ್ರಶ್ನೆಯಲ್ಲಿ ಕಂಡುಬಂದಿತ್ತಂತೆ. ತಮ್ಮನ ಸಂಬಂಧಗಳು ಕೊನೆಗಳಿಗೆಯಲ್ಲಿ ತಪ್ಪುತ್ತಿದ್ದದ್ದೂ ನಿಜ.

'ಇಷ್ಟು ವರ್ಷ ಅವಳ ಹೆಸರನ್ನೇ ಎತ್ತಲಿಲ್ಲ ನಾನು' ಎಂದು ಅಕ್ಕ ಅತ್ತುಬಿಟ್ಟರು. ಹೇಳಿಯೇ ಬಿಡೋಣ ಎಂದುಕೊಂಡೆ.

'ಅಕ್ಕಾ, ಅದು ನಾನು ಬರೆದದ್ದು.'

ಅಕ್ಕ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. 'ಗೊತ್ತುಂಟು ಮಗಾ. ನಿನ್ನ ಕೈಯಲ್ಲಿ ಬರೆಸಿದ್ದು ಯಾರು?'

ನಮ್ಮ ಬಾಸ್ ಕೂಡ ನನ್ನನ್ನು ಇಷ್ಟು ಕಷ್ಟದ ಪ್ರಶ್ನೆ ಕೇಳಿದ್ದಿಲ್ಲ.

ಆಟಿಯ ಮದುವೆ

ಬದುಕಿದ್ದವರ ಮದುವೆ ನಡೆಯದ ಆಟಿ ತಿಂಗಳಲ್ಲಿ ನಮ್ಮಲ್ಲಿ ತೀರಿಹೋದವರ ಮದುವೆ ನಡೆಯುತ್ತದೆ. ಕಾರ್ಕಳದಲ್ಲಿ ಗೇರುಬೀಜದ ಕಾರ್ಖಾನೆ ಇರುವ ಮನೆಯಲ್ಲಿ, ಮಗುವಾಗಿದ್ದಾಗಲೇ ಹೋದ ಹುಡುಗನೊಬ್ಬ ಸಿಕ್ಕಿದ. ಬಳಿ, ಅಂದರೆ ಗೋತ್ರ, ಬೇರೆ ಬೇರೆ; ಎರಡೂ ಕಡೆಗೆ ಒಪ್ಪಿಗೆ. ಎರಡು ಖಾಲಿ ಕುರ್ಚಿ, ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ. ಧಾರೆ ಎರೆಯುವಾಗ ಫ್ಯಾನ್ ನಿಂತಿತ್ತು, ಆದರೂ ಸೀರೆಯ ಸೆರಗು ಒಮ್ಮೆ ಅಲುಗಿತು. ನೋಡಿದವಳು ನಾನೊಬ್ಬಳೇ ಇರಬೇಕು.

ಮದುಮಗಳಿಗೆ ಬಡಿಸಿದ ಎಲೆಯ ಪಕ್ಕದಲ್ಲೇ ನನ್ನನ್ನು ಕೂರಿಸಿದರು. ತಪ್ಪೊಪ್ಪಿಕೊಳ್ಳಲು ಇನ್ನೊಂದು ಅವಕಾಶವಿತ್ತು, ಆದರೆ ಅಷ್ಟರಲ್ಲಿ ಪಾಯಸ ಬಂತು.

ಗಂಡನ ಮನೆ

ಮದುವೆ ಮುಗಿಯುವವರೆಗೆ ಅದನ್ನು ಮುಟ್ಟಬೇಡ ಎಂದಿದ್ದರು ಅಕ್ಕ. ಮಾರನೆಯ ದಿನ ಆ ವಾಕ್ಯವನ್ನು ಲೈಬ್ರರಿಯಿಂದ ಕಿತ್ತುಹಾಕಿ, ಬಾಕಿ ಇದ್ದ ಕನ್ನಡವನ್ನೆಲ್ಲ ತುಂಬಿದೆ. ಎರ್ಮಾಳಿನ ಖಾಲಿ ತಕ್ಕಡಿ 'ತಟ್ಟೆ ಖಾಲಿ ಇದೆ' ಎನ್ನತೊಡಗಿತು. 'ಹೋದಳು' ಎಂದರು ಅಕ್ಕ, ಫೋನಿನಲ್ಲಿ, ಸಣ್ಣ ದನಿಯಲ್ಲಿ. ತಿಂಗಳೊಳಗೆ ಮಗನ ಸಂಬಂಧವೂ ಗಟ್ಟಿಯಾಯಿತು.

ಮದುವೆಯೂಟದಲ್ಲಿ ಪರಿಚಯವಾಗಿದ್ದ, ಕಾರ್ಕಳದ ಹುಡುಗನ ತಾಯಿ ತಮ್ಮ ಕಾರ್ಖಾನೆಗೂ ಅಂಥದ್ದೇ ತಕ್ಕಡಿ ಹಾಕಿಸಿಕೊಂಡರು. ಹಾಕಿಸಿದ ದಿನವೇ ಕರೆ.

'ಇಲ್ಲಿ ಬರ್ತಾ ಉಂಟು. ನಾನು ಇನ್ನೂ ಇಲ್ಲೇ ಇದ್ದೇನೆ ಅಂತ.'

ಲೈಬ್ರರಿಯನ್ನೆಲ್ಲ ಜಾಲಾಡಿದೆ. ಆ ವಾಕ್ಯ ಎಲ್ಲೂ ಇರಲಿಲ್ಲ. 'ಹಳೇ ಪ್ರತಿ ಎಲ್ಲೋ ಉಳಿದಿರಬೇಕು' ಎಂದರು ಬಾಸ್. ಎಲ್ಲಿ ಎಂದು ಅವರಿಗೂ ಸಿಗಲಿಲ್ಲ. ಕಾರ್ಕಳಕ್ಕೆ ತಿರುಗಿ ಫೋನ್ ಮಾಡಿದೆ.

'ಹೆದರಬೇಡಿ ಅಮ್ಮಾ' ಎಂದೆ, ಹೆದರಿಕೊಂಡೇ.

'ಹೆದರಿಕೆ ಎಂತದ್ದು? ಸೊಸೆ ಬಂದು ಮುಟ್ಟಿದಳು, ಸಂತೋಷ. ಆದರೆ ಗೇರುಬೀಜ ಇಟ್ಟರೂ ಅದೇ ಮಾತು, ತೆಗೆದರೂ ಅದೇ ಮಾತು. ಸ್ವಲ್ಪ ತೂಕವನ್ನೂ ಹೇಳು ಅಂತ ಹೇಳಬೇಕಲ್ಲ? ಬಂದ ದಿನವೇ ಅತ್ತೆ ಹೇಳಿದರೆ ಚೆಂದ ಕಾಣುವುದಿಲ್ಲ. ನೀನು ತವರಿನ ಕಡೆಯವಳು ಅಲ್ವಾ? ಬಂದು ಹೇಳು ಮಾರಾಯ್ತಿ.'

ಮರುದಿನ ಬೆಳಗ್ಗಿನ ಬಸ್ಸಿಗೆ ಕಾರ್ಕಳಕ್ಕೆ ಹೋದೆ. ತಕ್ಕಡಿಯ ಮೇಲೆ ಗೇರುಬೀಜದ ಗೋಣಿ, ಪರದೆಯ ಮೇಲೆ ಅದೇ ವಾಕ್ಯ. ಲ್ಯಾಪ್‌ಟಾಪ್ ತೆಗೆಯುವ ಮೊದಲು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಬಗ್ಗಿ ಮೆಲ್ಲಗೆ ಹೇಳಿದೆ:

'ತಂಗೀ, ಅತ್ತೆ ತೂಕ ಕೇಳ್ತಿದ್ದಾರೆ.'

ತೂಕ ಬಂತು. ನಾನು ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ.