ನೀಲಿ ಜಡೆಯ ಗೆಳತಿ

ಭಾಷಾಂತರ ಮಾಡುವವನ ಕೈಯಲ್ಲಿರುವ ಅಧಿಕಾರ ತಹಸೀಲ್ದಾರರಿಗೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ತಹಸೀಲ್ದಾರರು ತಪ್ಪು ಮಾಡಿದರೆ ಮೇಲಿನವರಿಗೆ ಅರ್ಜಿ ಹಾಕಬಹುದು. ಭಾಷಾಂತರ ಮಾಡುವವನು ಒಂದು ಮಾತನ್ನು ಸದ್ದಿಲ್ಲದೆ ನುಂಗಿಬಿಟ್ಟರೆ ಆ ಭಾಷೆ ಬಾರದವರು ಯಾರ ಹತ್ತಿರ ಹೋಗಬೇಕು? ನನಗೆ ಈ ಅಧಿಕಾರ ಸಿಕ್ಕಿದ್ದು ಹೋದ ಚಳಿಗಾಲದಲ್ಲಿ, ಪಾಂಡವಪುರದ ನಮ್ಮ ಮನೆಯ ಹಾಲ್‌ನಲ್ಲಿ, ಟೀವಿಯ ಎದುರಿಗೆ. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಅಧಿಕಾರ ಚಲಾಯಿಸಿದ್ದು ನನ್ನ ಅತ್ತೆಯ ಮೇಲೆ.

ಅತ್ತೆ ಪುಟ್ಟತಾಯಮ್ಮನವರದು ನಾಗಮಂಗಲದ ಕಡೆ, ಹೊಣಕೆರೆಯ ಹತ್ತಿರದ ಹಳ್ಳಿ. ಕೊಟ್ಟಿಗೆಯಲ್ಲಿ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ನಮ್ಮ ಮನೆಗೆ ಬಂದರು. ದಿನಕ್ಕೆ ನಾಲ್ಕು ಹಸು ಕರೆಯುತ್ತಿದ್ದ ಹೆಂಗಸು ಸೋಫಾದ ಮೇಲೆ ಕಾಲು ಚಾಚಿ ಕೂತರೆ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು. ಫ್ಯಾನಿನ ಧೂಳಿನಿಂದ ಹಿಡಿದು ನನ್ನ ಹೊಟ್ಟೆಯವರೆಗೆ ಅವರ ಕಣ್ಣಿಗೆ ಬೀಳದ ವಸ್ತುವಿರಲಿಲ್ಲ. ಹೀಗಾಗಿ, ಸಂಜೆ ಶಾಲೆ ಬಿಟ್ಟು ಬರುವ ನನ್ನ ಮಗಳು ನಿಧಿ ರಿಮೋಟ್ ಕೈಗೆತ್ತಿಕೊಂಡು ಅಜ್ಜಿಯನ್ನೂ ತನ್ನ ಕಾರ್ಟೂನಿನೊಳಗೆ ಸೇರಿಸಿಕೊಂಡಾಗ ನನಗೆ ನೆಮ್ಮದಿಯೇ ಆಯಿತು.

ಕಾರ್ಟೂನ್ ಎಂದರೆ ಬೆಕ್ಕು ಇಲಿ ಓಡಾಡುವಂಥದ್ದಲ್ಲ. ಮೋಡದ ಮೇಲೊಂದು ರಾಜ್ಯ, ಸಮುದ್ರದ ಕೆಳಗೊಂದು ರಾಜ್ಯ, ನಡುವೆ ತಲೆಮಾರುಗಳ ಯುದ್ಧ. ಮೋಡದ ರಾಜ್ಯದಲ್ಲಿ ಬಿಲ್ಲು ಹಿಡಿದ ಸೇನಾಪತಿ ಹುಡುಗಿ. ಸಮುದ್ರದ ರಾಜ್ಯದಲ್ಲಿ ಮಂತ್ರ ಬಲ್ಲ ಹುಡುಗಿ, ಅವಳಿಗೆ ಮಂಡಿಯವರೆಗೆ ನೀಲಿ ಜಡೆ. ಅವರ ಹೆಸರುಗಳು ಅತ್ತೆಯ ನಾಲಿಗೆಗೆ ಹತ್ತಲಿಲ್ಲ. ಒಬ್ಬಳು ಬಿಲ್ಲೋಳು, ಇನ್ನೊಬ್ಬಳು ನೀಲಿ ಜಡೆಯೋಳು ಎಂದು ನಾಮಕರಣವಾಯಿತು. ಮಾತೆಲ್ಲ ಇಂಗ್ಲಿಷಿನಲ್ಲಿ. ನಿಧಿ ಕನ್ನಡದಲ್ಲಿ ಹೇಳಲು ಹೊರಟರೆ ಅರ್ಧ ಇಂಗ್ಲಿಷೇ ಬರುತ್ತಿದ್ದುದರಿಂದ ಕೆಲಸ ನನ್ನ ಪಾಲಿಗೆ ಬಂತು.

ಮೊದಮೊದಲು ಬಹಳ ಹುರುಪಿನಿಂದ ಮಾಡಿದೆ. ಯುದ್ಧದ ಸನ್ನಿವೇಶಗಳಿಗೆ ಹಳಗನ್ನಡದ ಗತ್ತು ಕೂಡ ಸೇರಿಸಿದೆ. ತೊಡಕು ಶುರುವಾದದ್ದು ಇಬ್ಬರೂ ಹಿಮಪಾತಕ್ಕೆ ಸಿಕ್ಕಿ ಒಂದೇ ಗುಹೆಯಲ್ಲಿ ಉಳಿದ ಮೇಲೆ. ಅಲ್ಲಿಂದಾಚೆಗೆ ಬಿಲ್ಲೋಳು ಬಾಣ ಬಿಡುವ ಮೊದಲು ನೀಲಿ ಜಡೆ ಎಲ್ಲಿದ್ದಾಳೆಂದು ನೋಡುತ್ತಿದ್ದಳು. ಇವಳು ಮಂತ್ರ ಹೇಳುವಾಗ ಅವಳನ್ನು ಕಂಡರೆ ಅರ್ಧಕ್ಕೇ ಮರೆಯುತ್ತಿದ್ದಳು. "ಇವ್ರು ಏನಾಗ್ಬೇಕು ಒಬ್ರಿಗೊಬ್ರು?" ಎಂದು ಅತ್ತೆ ಕೇಳಿದರು. "ಗೆಳತಿಯರು ಅತ್ತೆ" ಎಂದೆ. ಗೆಳತಿ ಎಂಬ ಶಬ್ದದ ಉಪಕಾರ ಅಂದು ಅರಿವಾಯಿತು. ಎಷ್ಟು ಬೇಕಾದರೂ ಹೇಳುತ್ತದೆ, ಬೇಡವೆಂದರೆ ಏನೂ ಹೇಳುವುದಿಲ್ಲ.

ನಿಧಿಗೆ ಇದು ಹಿಡಿಸಲಿಲ್ಲ. "ಅಪ್ಪ, ನೀನೂ ಅವರ ಥರಾನೇ ಮಾಡ್ತಿದೀಯ" ಎಂದಳು. ಯಾರ ಥರ ಎಂದು ಕೇಳಿದರೆ ದೊಡ್ಡ ವಿವರಣೆಯೇ ಬಂತು. ಈ ಸರಣಿ ಮಾಡಿದವರು ಮೂರು ಸೀಸನ್ ಪೂರ್ತಿ ಬರೀ ಕಣ್ಣೋಟ, ಕೈ ಬೆರಳು, ಅರ್ಧಕ್ಕೆ ನಿಂತ ಮಾತು ತೋರಿಸಿಕೊಂಡೇ ಬಂದರಂತೆ. ಇಷ್ಟವಾದವರಿಗೆ ಪ್ರೇಮ ಕಾಣಲಿ, ಕಸಿವಿಸಿಯಾಗುವವರಿಗೆ ಸ್ನೇಹ ಕಾಣಲಿ ಎಂದು. ನೋಡುವವರು ಜಗಳ ತೆಗೆದ ಮೇಲೆ ಕೊನೆಯ ಸೀಸನ್ನಿನಲ್ಲಿ ಬಾಯಿ ಬಿಟ್ಟು ಹೇಳಿದರಂತೆ. ಕಾಲೇಜಿನಲ್ಲಿ ಸಮಾನತೆಯ ಬಗ್ಗೆ ಭಾಷಣವಿದ್ದರೆ ಮೊದಲು ನೆನಪಾಗುವುದು ನನ್ನ ಹೆಸರು. ಅಂಥವನಿಗೆ ಒಂಬತ್ತನೇ ಕ್ಲಾಸಿನ ಹುಡುಗಿ ಪಾಠ ಹೇಳಿದಳು. ಕೇಳಿಕೊಂಡೆ.

ಆದರೆ ನನಗೂ ಒಂದು ಕಾರಣವಿತ್ತು. ನನ್ನ ನಾದಿನಿ ಸುಮ ಶ್ರೀರಂಗಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸು. ಕೆ.ಆರ್.ಪೇಟೆ ಕಡೆಯ ಗೋವಿಂದನಹಳ್ಳಿಯ ಶೋಭಾ ಎಂಬ ಬಸ್ ಕಂಡಕ್ಟರ್ ಜೊತೆ ಎಷ್ಟೋ ವರ್ಷದಿಂದ ಒಂದೇ ಮನೆಯಲ್ಲಿದ್ದಾಳೆ. ಅತ್ತೆಯ ಬಾಯಲ್ಲಿ ಶೋಭಾ "ಸುಮನ ರೂಮೇಟು". ನನಗೆ, ನನ್ನ ಹೆಂಡತಿ ಜಯಾಗೆ, ಹೊಸದಾಗಿ ನಿಧಿಗೆ ವಿಷಯ ಗೊತ್ತು. ಅತ್ತೆಗೆ ಮಾತ್ರ ಯಾರೂ ಹೇಳಿರಲಿಲ್ಲ. ಈಗ ಅವರಿಬ್ಬರೂ ಬೆಳಗೊಳದಲ್ಲಿ ಮನೆ ಕಟ್ಟಿಸಿದ್ದರು. ಮಾಘದಲ್ಲಿ ಗೃಹಪ್ರವೇಶ. ಪೂಜೆಗೆ ತಾನೂ ಶೋಭಾನೂ ಜೊತೆಗೆ ಕೂರಬೇಕು ಎಂದು ಸುಮನ ಆಸೆ. "ಅವ್ವ ತಡ್ಕೊಳ್ಳಲ್ಲ, ಎದ್ದು ಹೊರಟೇಬಿಡ್ತಾಳೆ. ನೀವು ಆ ಕಾರ್ಟೂನಿನಲ್ಲಿ ಏನೂ ಬಾಯಿ ಬಿಡಬೇಡಿ" ಎಂದು ಜಯಾ ನನಗೆ ತಾಕೀತು ಮಾಡಿದ್ದಳು. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಭಾಷಾಂತರ ಮಾಡುವುದು ಎಷ್ಟು ಕಷ್ಟವೆಂದು ಮಾತ್ರ ಯಾರೂ ಕೇಳಲಿಲ್ಲ.

ಕೊನೆಯ ಕಂತಿನ ಹಿಂದಿನ ಕಂತಿನಲ್ಲಿ, ಮುರಿದ ಸೇತುವೆಯ ಮೇಲೆ ಬಿಲ್ಲೋಳು ಕವಚ ಕಳಚಿಟ್ಟಳು. ನೀಲಿ ಜಡೆಯವಳ ಎರಡೂ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ಬಹಳ ಹೊತ್ತು ಮಾತಾಡಿ, ಕೊನೆಗೆ ಮುತ್ತಿಟ್ಟಳು. ಅತ್ತೆ ನನ್ನತ್ತ ತಿರುಗಿದರು.

"ಯುದ್ಧ ಮುಗೀತಲ್ಲ, ಊಟಕ್ಕೆ ಹೋಗೋಣ ನಡಿ ಅಂತಾಳೆ" ಎಂದೆ.

"ಅಷ್ಟೊತ್ತು ಮಾತಾಡಿದ್ದು ಅಷ್ಟೇಯಾ? ಊಟಕ್ಕೆ ಕರಿಯಾಕೆ ಕಣ್ಣಲ್ಲಿ ನೀರು ಬತ್ತದಾ ಅಳಿಮಯ್ಯ?"

ನಿಧಿಗೆ ತಡೆಯಲಾಗಲಿಲ್ಲ. "ಅಜ್ಜಿ, ಅಪ್ಪ ಸುಳ್ಳು ಹೇಳ್ತಿದಾರೆ. ಅವರಿಬ್ರೂ ಪ್ರೀತಿ ಮಾಡ್ತಿದಾರೆ. ಗಂಡ ಹೆಂಡ್ತಿ ಇರ್ತಾರಲ್ಲ, ಹಂಗೆ ಜೊತೆಗಿರೋಣ ಅಂತ ಕೇಳಿದ್ಲು. ಇವಳು ಹೂಂ ಅಂದ್ಲು."

ಅತ್ತೆ ಟೀವಿಯತ್ತ ಕೈ ತೋರಿಸಿದರು. "ಆರ್ಸು ಕೂಸೆ ಅದ್ನ" ಎಂದರು.

ಮುಂದಿನ ಕೆಲವು ದಿನ ಮನೆಯಲ್ಲಿ ಟೀವಿ ಹಚ್ಚಲಿಲ್ಲ. ಅತ್ತೆ ಫ್ಯಾನಿನ ಧೂಳನ್ನಾಗಲಿ ನನ್ನ ಹೊಟ್ಟೆಯನ್ನಾಗಲಿ ಪ್ರಸ್ತಾಪಿಸಲಿಲ್ಲ. ಊರಿಗೆ ಬಿಟ್ಟುಬನ್ನಿ ಎಂದು ಒಮ್ಮೆ ಹೇಳಿದರು, ಕಾರಣ ಹೇಳಲಿಲ್ಲ. ಜಯಾ ನನ್ನನ್ನು ದುರುಗುಟ್ಟಿ ನೋಡಿದಳು. ಸುಮ ಫೋನ್ ಮಾಡಿದರೆ ಅತ್ತೆ ನಿದ್ದೆ ಬಂದಿದೆ ಎಂದು ಸನ್ನೆ ಮಾಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಹಿತ್ತಿಲ ಬಿಸಿಲಿನಲ್ಲಿ ಅತ್ತೆಯೂ ಜಯಾನೂ ಅವರೆಕಾಯಿ ಸುಲಿಯುತ್ತಿದ್ದರು. ನಾನು ಅಲ್ಲೇ ಪೇಪರ್ ಹಿಡಿದುಕೊಂಡಿದ್ದೆ. ಅತ್ತೆ ತಲೆ ಎತ್ತದೆ ಕೇಳಿದರು.

"ನಮ್ಮ ಸುಮನೂ ಇಂಗೇಯಾ?"

ಜಯಾಳ ಕೈ ನಿಂತಿತು. "ಹೂಂ ಕಣವ್ವ."

"ನಂಗ್ಯಾಕೆ ಯೋಳ್ನಿಲ್ಲ?"

"ನೀನು ಬೇಜಾರು ಮಾಡ್ಕತೀಯ ಅಂತ."

"ಮಾಡ್ಕಂಡೆ. ಇನ್ನೂ ಬೇಜಾರಾಗೇ ಅದೆ. ಆ ಎಣ್ಣು ಅಷ್ಟು ವರ್ಸದಿಂದ ನಮ್ಮನೇಲಿ ಉಂಡು ಓಯ್ತಾ ಅದೆ, ನಾನು ರೂಮೇಟು ರೂಮೇಟು ಅನ್ಕೊಂಡು ಓಡಾಡ್ತಿವ್ನಿ. ನೀವೆಲ್ಲ ಒಳಗೊಳಗೇ ನಗ್ತಿದ್ರಿ ಅಲ್ವಾ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾವು ಯಾರೂ ನಕ್ಕಿರಲಿಲ್ಲ. ಆದರೆ ನಗಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಬುಟ್ಟಿಯ ಕಾಯಿ ಮುಗಿಯುವ ಹೊತ್ತಿಗೆ ಅತ್ತೆಯಿಂದ ಇನ್ನೊಂದು ಪ್ರಶ್ನೆ ಬಂತು. "ಶೋಭನ ಅವ್ವ ಬತ್ತಾಳಾ ಪೂಜೆಗೆ?"

"ಅವರು ಶೋಭಾ ಜೊತೆ ಮಾತಾಡಲ್ಲ. ಅವಳ ಕಡೆಯಿಂದ ಯಾರೂ ಬರಲ್ಲ" ಎಂದಳು ಜಯಾ.

ಅತ್ತೆ ಸಿಪ್ಪೆಯನ್ನೆಲ್ಲ ಬಾಚಿ ಒಂದು ಕಡೆ ಗುಡ್ಡೆ ಹಾಕಿದರು. ಸಂಜೆ ನಿಧಿಯನ್ನು ಕರೆದು ಕೊನೆಯ ಕಂತು ಹಾಕಿಸಿಕೊಂಡರು. ಅರ್ಥ ಹೇಳುವ ಕೆಲಸದಿಂದ ನನ್ನನ್ನು ತೆಗೆದುಹಾಕಿದ್ದರು. ಎಲ್ಲ ಮುಗಿದು, ಎರಡು ರಾಜ್ಯದವರೂ ಸೇರಿ ಇಬ್ಬರ ತಲೆಯ ಮೇಲೆ ಹೂ ಸುರಿದ ಮೇಲೆ ಅವರ ತೀರ್ಮಾನ ಹೊರಬಿತ್ತು: "ಆ ನೀಲಿ ಜಡೆಯೋಳು ಸರಿಯಿಲ್ಲ ಕಣ್ ಕೂಸೆ. ಬರೀ ಮಂತ್ರ ಆಕ್ತಾಳೆ, ಒಂದು ಕೆಲ್ಸ ಮಾಡಾಕಿಲ್ಲ. ಬಿಲ್ಲೋಳಿಗೆ ಇನ್ನೂ ಒಳ್ಳೆ ಎಣ್ಣು ಸಿಕ್ಕೋಳು." ಜಯಾ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳೋ ಅತ್ತಳೋ ಸರಿಯಾಗಿ ತಿಳಿಯಲಿಲ್ಲ.

ಅಷ್ಟಾದರೂ ಗೃಹಪ್ರವೇಶದ ವಿಷಯ ಅತ್ತೆ ಎತ್ತಲಿಲ್ಲ, ಕೇಳುವ ಧೈರ್ಯ ನಮಗೂ ಬರಲಿಲ್ಲ. ಕೊನೆಗೆ ಸುಮನೇ ಸೋತು, ಅಕ್ಕ ಭಾವ ಪೂಜೆಗೆ ಕೂರಲಿ ಎಂದಳು. ನಾನು ಬೇಡ ಬೇಡ ಎನ್ನುತ್ತಲೇ ಮೈಸೂರಿಗೆ ಹೋಗಿ ಜರಿಯಂಚಿನ ರೇಷ್ಮೆ ಪಂಚೆ, ಶಲ್ಯ ತಂದೆ. ಕನ್ನಡಿಯ ಮುಂದೆ ಎರಡು ಸಲ ಉಟ್ಟು ನೋಡಿದ್ದೂ ನಿಜ.

ಅಂದು ಬೆಳಗೊಳದ ಹೊಸ ಮನೆಯಲ್ಲಿ ನಾನೂ ಜಯಾನೂ ಮಣೆಯ ಮೇಲೆ ಕೂತೆವು. ಪುರೋಹಿತರು ಕಲಶಕ್ಕೆ ಕೈ ಹಾಕಿದ್ದರು. ಕೋಲೂರಿಕೊಂಡು ಬಂದ ಅತ್ತೆ ನಮ್ಮನ್ನೊಮ್ಮೆ ನೋಡಿದರು. ಬಾಗಿಲ ಬಳಿ ನಿಂತಿದ್ದ ಸುಮನನ್ನು, ಇನ್ನೂ ಹಿಂದೆ ಗೋಡೆಗೆ ಅಂಟಿಕೊಂಡಿದ್ದ ಶೋಭಾಳನ್ನು ನೋಡಿದರು.

"ಅಳಿಮಯ್ಯ, ಎದ್ದೇಳಿ. ಜಯಾ, ನೀನೂ ಏಳು."

"ಅಮ್ಮಾ, ದಂಪತಿಗಳು ಕೂತರೆ ಕ್ರಮ…" ಎಂದರು ಪುರೋಹಿತರು.

"ಮನೆ ಕಟ್ಟಿಸ್ದೋರು ಅವ್ರು, ನಾಳಿಂದ ದೀಪ ಅಚ್ಚೋರು ಅವ್ರು. ನಮ್ಮ ಅಳಿಮಯ್ಯ ಮಧ್ಯಾನ ಉಂಡು ಪಾಂಡವಪುರಕ್ಕೆ ಓಯ್ತಾರೆ. ಅವ್ರೇ ಕುಂತ್ಕಳ್ಲಿ." ಆಮೇಲೆ ಹಿಂದಕ್ಕೆ ತಿರುಗಿ, "ಬಾರವ್ವ ಶೋಭಾ, ಎಷ್ಟೊತ್ತು ನಿಂತಿರ್ತೀಯ, ಇದೇನು ನಿನ್ನ ಬಸ್ಸಾ?" ಎಂದರು.

ಪುರೋಹಿತರು ಗಡಿಯಾರ ನೋಡಿಕೊಂಡರು. ಅವರಿಗೆ ಅಂದು ಇನ್ನೊಂದು ಮನೆಯಿತ್ತು. "ಸರಿ, ಬನ್ನಿ" ಎಂದರು. ಶೋಭಾ ಸೆರಗು ಸರಿಮಾಡಿಕೊಂಡು ಬಂದು ಸುಮನ ಪಕ್ಕದಲ್ಲಿ ಕೂತಳು. ಅತ್ತೆ ಕುರ್ಚಿ ಹಾಕಿಸಿಕೊಂಡು ಶೋಭಾಳ ಹಿಂದೆಯೇ ಕೂತರು, ಅವಳ ಕಡೆಯವರಾಗಿ.

ಎಲ್ಲರ ಕಣ್ಣೂ ಒದ್ದೆಯಾಗಿತ್ತು. ನನಗೂ ಸಂತೋಷವಾಯಿತು. ಆದರೆ ಆ ಸಂತೋಷದ ಒಳಗೆ, ಇಷ್ಟು ಒಳ್ಳೆಯ ಪಂಚೆ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂಬ ಸಣ್ಣ ಸಂಕಟವೂ ಇತ್ತೆಂದು ಹೇಳಿಬಿಡಬೇಕು. ಕೈ ಖಾಲಿಯಿದ್ದುದರಿಂದ ಪಂಚೆಯನ್ನು ಎತ್ತಿ ಕಟ್ಟಿ, ಶಲ್ಯವನ್ನು ಸೊಂಟಕ್ಕೆ ಬಿಗಿದು, ಊಟದ ಪಂಕ್ತಿಯಲ್ಲಿ ಕೋಸಂಬರಿ ಬಡಿಸಲು ನಿಂತೆ. ಕೊನೆಯ ಎಲೆಯಲ್ಲಿ ಕೂತಿದ್ದ ಊರಿನ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆಚ್ಚಿಕೊಂಡರು.

"ಭಟ್ರೇ, ಅಡ್ಗೆ ಬಾಳ ಚೆಂದಾಗದೆ. ಯುಗಾದಿ ಕಳುದ್ಮೇಲೆ ನಮ್ಮನೇಲೂ ಒಂದು ಪೂಜೆ ಅದೆ, ಬತ್ತೀರಾ?"

ಇನ್ನೊಂದು ಸೌಟು ಕೋಸಂಬರಿ ಹಾಕಿ, ಭಾನುವಾರವಾದರೆ ಬರುತ್ತೇನೆ ಎಂದೆ.