ಸಂಬಳವಿಲ್ಲದ ತಿಂಗಳಲ್ಲಿ ಉಳಿತಾಯದ ಪಾಠ

ಕೈಗೆ ಮೈಕು ಬಂದರೆ ನಾನು ಮನುಷ್ಯನಾಗಿ ಉಳಿಯುವುದಿಲ್ಲ, ವಂದನಾರ್ಪಣೆಯಾಗಿಬಿಡುತ್ತೇನೆ. ನೆಲಮಂಗಲದ ಹೆದ್ದಾರಿ ಬದಿಯ ಗೋದಾಮೊಂದರಲ್ಲಿ ಗುಮಾಸ್ತನಾದ ನನಗೆ ಆಯುಧಪೂಜೆ, ರಾಜ್ಯೋತ್ಸವ, ಬೀಳ್ಕೊಡುಗೆ ಎಲ್ಲದರಲ್ಲೂ ಅದೇ ಕೆಲಸ. ಹೊಟ್ಟೆಯಲ್ಲಿ ಎಷ್ಟೇ ಸಿಟ್ಟಿರಲಿ, 'ಹೃತ್ಪೂರ್ವಕ' ಎಂಬ ಪದ ತಾನಾಗಿಯೇ ಹೊರಬರುತ್ತದೆ. ಶಾಮಿಯಾನದವರನ್ನೂ ವಂದಿಸದೆ ಬಿಟ್ಟವನಲ್ಲ ನಾನು.

ಕಳೆದ ತಿಂಗಳು ನಮಗೆ ಸಂಬಳವಾಗಲಿಲ್ಲ. ಮಗಳ ಕಾಲೇಜು ಫೀಸಿಗೆ ಸೋಮವಾರವೇ ಕಡೇ ದಿನ. ಇಂಥ ಹೊತ್ತಿನಲ್ಲಿ ಆಡಳಿತದವರು ಶನಿವಾರಕ್ಕೆ 'ನೌಕರರಿಗೆ ಆರ್ಥಿಕ ಶಿಕ್ಷಣ' ಎಂದು ಬ್ಯಾನರು ಕಟ್ಟಿಸಿದರು. ಇಲ್ಲದ ಹಣವನ್ನು ಎಲ್ಲಿಡಬೇಕೆಂದು ಹೇಳಿಕೊಡಲು ಬೆಂಗಳೂರಿನಿಂದ ಒಬ್ಬರು ಬರುವವರಿದ್ದರು. ಅವರಿಗೆ ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ತರಲು ನಮ್ಮಿಂದಲೇ ತಲಾ ಐವತ್ತು ರೂಪಾಯಿ ವಸೂಲಾಯಿತು. ಗೊಣಗಿಕೊಂಡೇ ಎಲ್ಲರೂ ಕೊಟ್ಟರು. ಸಂಬಳ ಬರದಿದ್ದರೇನು, ಅತಿಥಿಯನ್ನು ಬರಿಗೊರಳಲ್ಲಿ ಕಳಿಸುವ ಜನ ನಾವಲ್ಲ.

ಲೋಡಿಂಗ್ ವಿಭಾಗದ ರಿಯಾಜ್ ಹಿಂದಿನ ದಿನವೇ ನನ್ನನ್ನು ಪಕ್ಕಕ್ಕೆ ಕರೆದ. "ಗುರು, ಕೊನೇಲಿ ಮೈಕು ನಿನ್ ಕೈಲೇ ಇರುತ್ತೆ. ಎಲ್ಲಾರ ಮುಂದೇನೇ ಸಂಬಳ ಯಾವಾಗ ಅಂತ ಕೇಳ್ಬಿಡು. ನಾವೆಲ್ಲ ಚಪ್ಪಾಳೆ ತಟ್ತೀವಿ." ನಾನು ಎದೆ ತಟ್ಟಿಕೊಂಡು ಒಪ್ಪಿದೆ.

ಪೇಟ ಧರಿಸಿದ ಅತಿಥಿಗಳು, ಆರು ತಿಂಗಳ ಸಂಬಳವನ್ನು ಆಪತ್ತಿಗೆಂದು ಸದಾ ಎತ್ತಿಟ್ಟಿರಬೇಕು, ದಿನಕ್ಕೆರಡು ಟೀ ಬಿಟ್ಟರೆ ನಿವೃತ್ತಿಯ ವೇಳೆಗೆ ಶ್ರೀಮಂತರಾಗಬಹುದು, ಮನೆಯಲ್ಲಿ ಚಿನ್ನವನ್ನು ಸುಮ್ಮನೆ ಇಡಬಾರದು ಎಂದರು. ಮ್ಯಾನೇಜರು ಎಲ್ಲರಿಗಿಂತ ಜೋರಾಗಿ ತಲೆದೂಗಿದರು. ಹಾಗೆ ನೋಡಿದರೆ ನಮ್ಮ ಆಪತ್ತು ಅತಿಥಿಗಳ ಪಕ್ಕದ ಕುರ್ಚಿಯಲ್ಲೇ ಕುಳಿತಿತ್ತು.

ನನ್ನ ಸರದಿ ಬಂತು. ರಿಯಾಜ್ ಮುಂದಿನ ಸಾಲಿನಿಂದ ಕಣ್ಸನ್ನೆ ಮಾಡಿದ. "ಒಂದು ತಿಂಗಳ ಸಂಬಳ ತಡೆಹಿಡಿದು, ಉಳಿತಾಯದ ಮಹತ್ವವನ್ನು ಪ್ರಾಯೋಗಿಕವಾಗಿ ತಿಳಿಸಿಕೊಟ್ಟ ಆಡಳಿತ ವರ್ಗಕ್ಕೆ ಹೃತ್ಪೂರ್ವಕ ವಂದನೆಗಳು" ಎಂದೆ. ಸರಿಯಾಗಿ ಚುಚ್ಚಿದೆನೆಂದು ನನಗೆ ಹೆಮ್ಮೆ. ಆದರೆ ಧ್ವನಿ ಮಾತ್ರ ರಾಜ್ಯೋತ್ಸವದ್ದೇ. ಮ್ಯಾನೇಜರು ಗದ್ಗದಿತರಾಗಿ ಎದ್ದು ಬಂದು ನನ್ನನ್ನು ತಬ್ಬಿಕೊಂಡು ಮೈಕು ತೆಗೆದುಕೊಂಡರು. "ಇಷ್ಟು ಅರ್ಥ ಮಾಡ್ಕೊಳ್ಳೋ ಸ್ಟಾಫ್ ಸಿಕ್ಕಿರೋದು ನಮ್ ಪುಣ್ಯ ಕಣ್ರೀ. ಹಂಗಾದ್ರೆ ಬಾಕಿದು, ಮುಂದಿನ್ ತಿಂಗಳ್ದು ಎರಡೂ ಸೇರಿಸಿ ಒಟ್ಟಿಗೇ ಹಾಕ್ತೀವಿ. ನಿಮಗೂ ಉಳಿಸೋಕೆ ಸುಲಭ." ಯಾರೂ ಚಪ್ಪಾಳೆ ತಟ್ಟಲಿಲ್ಲ; ಎಲ್ಲರೂ ನನ್ನನ್ನೇ ನೋಡಿದರು. ಅಂದಿನಿಂದ ರಿಯಾಜ್ ನನ್ನ ಜೊತೆ ಟೀಗೆ ಬರುವುದಿಲ್ಲ. ಅಷ್ಟರ ಮಟ್ಟಿಗೆ ತರಬೇತಿ ಫಲಿಸಿದೆ.

ಸೋಮವಾರ ಬೆಳಿಗ್ಗೆ ಹೆಂಡತಿ ಸಾವಿತ್ರಿ ಕೊರಳ ಸರ ಬಿಚ್ಚಿ ಕರ್ಚೀಫಿನಲ್ಲಿ ಸುತ್ತಿಕೊಂಡು ಗಿರವಿ ಅಂಗಡಿಗೆ ಹೊರಟಳು. ನನಗೆ ನಾಚಿಕೆಯೂ ಸಂಕಟವೂ ಒಟ್ಟಿಗೇ ಆಯಿತು. ಸಮಾಧಾನ ಹೇಳಬೇಕೆನಿಸಿ, ಬಾಯಿಗೆ ಬಂದದ್ದು ಅತಿಥಿಗಳ ಮಾತೇ. "ಮನೇಲಿ ಸುಮ್ನೆ ಬಿದ್ದಿರೋ ಚಿನ್ನ ದುಡಿಯಲ್ವಂತೆ ಕಣೇ."

ಅವಳು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಮನೇಲಿ ಈಗ ದುಡೀತಿರೋದು ಅದೊಂದೇ ಕಣ್ರೀ" ಎಂದಳು.

ನಾನು ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟೆ.