ಸವೆಯದ ಬ್ಲೇಡು

ಸವೆಯದ ಸಾಮಾನೇ ಒಳ್ಳೆಯ ಸಾಮಾನು ಎಂದು ನಂಬಿ ಬದುಕಿದವಳು ನಾನು. ಪೊರಕೆ ಕೊಳ್ಳುವಾಗಲೂ ನೆಲಕ್ಕೆ ಬಡಿದು ನೋಡುತ್ತೇನೆ, ಒಂದು ಕಡ್ಡಿ ಉದುರಿದರೂ ಬೇಡ. ನನ್ನ ಗಂಡನಿಗೆ ತಂದ ಚಪ್ಪಲಿ ಅವರಿಗಿಂತ ಹೆಚ್ಚು ಬಾಳಿತು. ಅದಕ್ಕೆ ಅಳುವುದೇನಿದೆ, ಚಪ್ಪಲಿ ಗಟ್ಟಿ ಇತ್ತು.

ದುದ್ದ ಊರಿನ ನಮ್ಮ ಮನೆಗೆ ಹೊಸ ಅಡುಗೆಕಟ್ಟೆ ಮಾಡಿಸುವಾಗ ಸೊಸೆ ಶಾರದ ನಾನು ರುಬ್ಬುವ ಒಳಕಲ್ಲನ್ನು ಹಿತ್ತಿಲಿಗೆ ಹಾಕಿಸಲು ಹೊರಟಳು. ಮಿಕ್ಸಿಯ ಖಾರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಕಟ್ಟೆಯ ಗ್ರಾನೈಟಿನಲ್ಲೇ ಚೌಕ ಕೊಯ್ದು ಒಳಕಲ್ಲು ಕೂರಿಸಬೇಕೆಂದು ಹಟ ಹಿಡಿದೆ. "ಇವತ್ತು ಸಂಜೆಯೊಳಗೆ ಕೂರ್ಲಿಲ್ಲ ಅಂದ್ರೆ ಹಿತ್ತಲಿಗೇ ಕಣತ್ತೆ" ಎಂದಳು ಶಾರದ.

ಕಲ್ಲು ಕೊಯ್ಯುವ ಮಂಜ ವಜ್ರದ ಬ್ಲೇಡು ತರಲು ಬೆಳಿಗ್ಗೆ ಹಾಸನಕ್ಕೆ ಹೊರಟ. ಅವನನ್ನು ನಂಬದೆ ನಾನೂ ಬಸ್ಸು ಹತ್ತಿದೆ. "ಇದು ಬೇಗ ಸವೀತದೆ, ಆದ್ರೆ ಗಟ್ಟಿ ಕಲ್ಲಿಗೆ ಇದೇ ಸರಿ. ಆ ಇನ್ನೊಂದು ಸವೆಯಲ್ಲ, ಅದು ಮೆತ್ತನೆ ಕಲ್ಲಿಗೆ" ಎಂದ ಅಂಗಡಿಯವನು. ಸವೆಯುತ್ತದೆ ಎಂದ ಮೇಲೆ ಇನ್ನೇನು ಮಾತು. ಮಂಜ ಬೇಡ ಬೇಡ ಎಂದರೂ ಸವೆಯದ್ದನ್ನೇ ತಂದೆವು.

ಮನೆಗೆ ಬಂದು ಮಂಜ ಕೊಯ್ಯಲು ಹಿಡಿದರೆ ಬ್ಲೇಡು ಕಿರುಚಿತು, ಗ್ರಾನೈಟಿನ ಮೇಲೊಂದು ಗೆರೆ ಬಿತ್ತು, ಅಷ್ಟೇ. ಅದರ ಅಂಚು ಬೆಳಗಿದ ಚೊಂಬಿನ ಹಾಗೆ ಹೊಳೆಯುತ್ತಿತ್ತು.

"ನೋಡ್ಲಾ, ಒಂಚೂರೂ ಸವ್ದಿಲ್ಲ" ಎಂದೆ.

"ಅದ್ಕೇ ಕಣಜ್ಜಿ ಕುಯ್ತಿಲ್ಲ. ವಜ್ರದ ಪುಡಿ ಲೋಹದೊಳಗೆ ಊತ್ಕಂಡದೆ. ಲೋಹ ಸವುದ್ರೆ ತಾನೇ ಒಸ ವಜ್ರ ಆಚೆಗೆ ಬರಾದು? ಇದು ನಿನ್ನಂಗೇಯ, ಸವೆಯಾಕೂ ಇಲ್ಲ, ಕೆಲ್ಸಕ್ಕೂ ಆಗಾಕಿಲ್ಲ."

"ನನ್ ಸುದ್ದಿ ಬುಡು. ಇದ್ರಲ್ಲೇ ಕುಯ್ಯಾಕೆ ದಾರಿ ಏಳು."

ಹಾಸನಕ್ಕೆ ಮತ್ತೆ ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಮರಳು ಮರಳಾದ ಇಟ್ಟಿಗೆ ಕೊಯ್ದರೆ ಬ್ಲೇಡಿನ ಅಂಚಿನ ಲೋಹ ಸವೆದು ತರಿತರಿಯಾಗುತ್ತದೆ ಎಂದ ಮಂಜ. ಕೋಳಿಗೂಡಿನ ಗೋಡೆಯಿಂದ ಇಟ್ಟಿಗೆ ಕಿತ್ತು ತಂದೆ. ಇಟ್ಟಿಗೆ ಕೊಯ್ದ ಮೇಲೆ ಬ್ಲೇಡು ಗ್ರಾನೈಟನ್ನು ನಾಲ್ಕು ಬೆರಳಷ್ಟು ಕೊಯ್ದಿತು, ಮತ್ತೆ ಹೊಳೆಯಿತು, ಮತ್ತೆ ಇಟ್ಟಿಗೆ. ಚೌಕ ಮುಗಿಯುವಷ್ಟರಲ್ಲಿ ಗೋಡೆ ಮುಗಿಯಿತು, ಕೋಳಿಗಳೆಲ್ಲ ನಡುಮನೆಗೆ ಬಂದವು. ಹೊತ್ತು ಮುಳುಗುವ ಮೊದಲು ಒಳಕಲ್ಲು ಕೂತಿತು.

ಶಾರದ ಕಾಯಿ, ಮೆಣಸಿನಕಾಯಿ ಹಾಕಿ "ರುಬ್ಬಿ ಅತ್ತೆ" ಎಂದಳು. ನಾನು ಇಷ್ಟು ವರ್ಷ ರುಬ್ಬಿದ್ದು ನೆಲದ ಮೇಲೆ, ಕಾಲು ಚಾಚಿ ಕೂತು. ಕಟ್ಟೆ ಇದ್ದದ್ದು ಶಾರದಳ ಎತ್ತರಕ್ಕೆ. ಗುಂಡುಕಲ್ಲಿಗೆ ಕೈಯೇನೋ ಎಟುಕಿತು, ಬಲ ಎಟುಕಲಿಲ್ಲ. ಶಾರದಳೂ ಮಂಜನೂ ನಗಲಿಲ್ಲ, ನಕ್ಕಿದ್ದರೆ ಬೈಯಬಹುದಿತ್ತು. ಮಣೆ ಎಳೆದು ಅದರ ಮೇಲೆ ಹತ್ತಿ ನಿಂತು ರುಬ್ಬಿದೆ. ಈಗಲೂ ಹಾಗೆಯೇ ರುಬ್ಬುತ್ತೇನೆ, ಶಾರದ ಪಕ್ಕದಲ್ಲಿ ಕೂತು ಮಣೆ ಅಲುಗದ ಹಾಗೆ ಹಿಡಿದುಕೊಳ್ಳುತ್ತಾಳೆ. ಮಿಕ್ಸಿಯಾಗಿದ್ದರೆ ಅವಳೊಬ್ಬಳೇ ಸಾಕಿತ್ತು.